ಸ್ಟುಡಿಯೋ ಸರ್ವರ್‌ಗೆ ಎಷ್ಟು ಪೋರ್ಟ್ ಬೇಕು?

ಶಿರಸಿಯ ಹುಲೇಕಲ್ ರಸ್ತೆಯಲ್ಲಿ ನಮ್ಮ ಭಾವನ ಸ್ಟುಡಿಯೋ ಇದೆ. ಮದುವೆ, ಉಪನಯನದ ಫೋಟೋ ಮತ್ತು ವಿಡಿಯೋ, ಮಳೆಗಾಲ ಬಿಟ್ಟು ಉಳಿದ ತಿಂಗಳಲ್ಲಿ ಯಕ್ಷಗಾನದ ರೆಕಾರ್ಡಿಂಗ್, ಮುಂದಿನ ಕೋಣೆಯಲ್ಲಿ ಡಿಟಿಪಿ, ಝೆರಾಕ್ಸ್, ಸ್ಕ್ಯಾನಿಂಗ್. ಇಷ್ಟಕ್ಕೂ ಸೇರಿ ಒಂದೇ ಫೈಲ್ ಸರ್ವರ್. ಹಳೇ ಡೆಸ್ಕ್‌ಟಾಪ್‌ಗೆ ಡೆಬಿಯನ್ ಲಿನಕ್ಸ್ ಹಾಕಿ, ಎರಡು ದೊಡ್ಡ ಡಿಸ್ಕ್ ಕೂರಿಸಿ, ಬೇರೆ ಮಷಿನ್‌ಗಳಿಗೆ ಫೋಲ್ಡರ್ ಹಂಚುವ ಸಾಂಬಾ ಎಂಬ ಪ್ರೋಗ್ರಾಂ ಓಡಿಸಿದ್ದೇನೆ. ಅದರ ಉಸ್ತುವಾರಿ ನನ್ನದು. ಸಂಬಳ ಇಲ್ಲ. ಹೋದಾಗ ತೆಳ್ಳೇವು, ಚಹಾ ಸಿಗುತ್ತದೆ.

ಸರ್ವರ್ ವಿಷಯಕ್ಕೆ ಫೋನ್ ಬಂದರೆ ಭಾವನ ಮಾತು ಒಂದೇ: "ಫೋಲ್ಡರ್ ಕಾಣ್ತಿಲ್ಲೆ. ಯಾವ್ದೋ ಪೋರ್ಟ್ ಬಂದಾಗಿದ್ದು ಕಾಣ್ತು." ಪೋರ್ಟ್ ಅನ್ನುವ ಶಬ್ದ ಅವರಿಗೆ ಯಾರು ಕಲಿಸಿದರೋ ಗೊತ್ತಿಲ್ಲ, ಈಗ ಕರೆಂಟ್ ಹೋದರೂ ಅದರದ್ದೇ ತಪ್ಪು. ಪೋರ್ಟ್ ಅಂದರೆ ಸರ್ವರ್‌ನಲ್ಲಿ ಒಂದೊಂದು ಕೆಲಸಕ್ಕೆ ಇರುವ, ನಂಬರ್ ಹಾಕಿದ ಬಾಗಿಲು. ಗೂಗಲ್ ಮಾಡಿದರೆ 21, 22, 111, 137, 138, 139, 445, 548, 2049 ಎಲ್ಲ ತೆರೆಯಿರಿ ಎಂಬ ಉದ್ದನೆಯ ಪಟ್ಟಿ ಬರುತ್ತದೆ. ಆ ಪಟ್ಟಿಯಿಂದ ಕೆಲಸ ಶುರು ಮಾಡುವುದು ನನಗೆ ಸರಿ ಕಾಣುವುದಿಲ್ಲ. ಸರ್ವರ್ ಹತ್ತಿರ ಯಾರು ಯಾರು ಬರುತ್ತಾರೆ, ಯಾವ ಮಷಿನ್‌ನಿಂದ ಬರುತ್ತಾರೆ ಅಂತ ಮೊದಲು ಬರೆದುಕೊಳ್ಳಬೇಕು. ಈ ಪೋರ್ಟ್ ಯಾರಿಗೆ ಅಂತ ಕೇಳಿದರೆ ಉತ್ತರ ಬರಬೇಕು. ಉತ್ತರ ಇಲ್ಲದ್ದನ್ನು ಮುಚ್ಚಬೇಕು.

ಮೊದಲು ಎಡಿಟಿಂಗ್‌ನ ವಿಂಡೋಸ್ ಮಷಿನ್‌ಗಳು. ಇವಕ್ಕೆ ಬೇಕಾದದ್ದು ಟಿಸಿಪಿ 445 ಒಂದೇ. (ಟಿಸಿಪಿ, ಯುಡಿಪಿ ಅಂದರೆ ನೆಟ್‌ವರ್ಕ್‌ನಲ್ಲಿ ಮಾಹಿತಿ ಸಾಗಿಸುವ ಎರಡು ರೀತಿ.) ವಿಂಡೋಸ್ 2000ದಿಂದ ಈಚೆಗೆ ಎಸ್‌ಎಂಬಿ, ಅಂದರೆ ವಿಂಡೋಸ್ ಫೈಲ್ ಹಂಚಿಕೊಳ್ಳುವ ಭಾಷೆ, ನೇರವಾಗಿ 445ರಲ್ಲೇ ಮಾತಾಡುತ್ತದೆ. ಅದಕ್ಕೂ ಹಿಂದೆ ನೆಟ್‌ಬಯಾಸ್ ಎಂಬ ಹಳೇ ನೆಟ್‌ವರ್ಕ್ ವ್ಯವಸ್ಥೆಯ ಮೂಲಕವೇ ಬರಬೇಕಿತ್ತು. ಹೆಸರು ಹುಡುಕಲು ಯುಡಿಪಿ 137, ನೆಟ್‌ವರ್ಕ್‌ನಲ್ಲಿ ಯಾರ್ಯಾರು ಇದ್ದಾರೆಂದು ಸಾರಲು ಯುಡಿಪಿ 138, ಫೈಲ್ ಸಾಗಿಸಲು ಟಿಸಿಪಿ 139. ಈ ಮೂರೂ ಇವತ್ತಿನ ಸ್ಟುಡಿಯೋಗೆ ಬೇಕಿಲ್ಲ. ಸಾಂಬಾದ ಸೆಟ್ಟಿಂಗ್ ಫೈಲಿನಲ್ಲಿ ನೆಟ್‌ಬಯಾಸ್ ಬೇಡ ಅಂತ ಒಂದು ಸಾಲು, ಪೋರ್ಟ್ 445 ಮಾತ್ರ ಸಾಕು ಅಂತ ಇನ್ನೊಂದು ಸಾಲು ಹಾಕಿದ್ದೇನೆ. ನೆಟ್‌ಬಯಾಸ್ ಕೆಲಸ ನೋಡುವ ಎನ್‌ಎಂಬಿಡಿ ಸರ್ವಿಸನ್ನು ನಿಲ್ಲಿಸಿದ್ದೇನೆ.

ಹೀಗೆ ಮಾಡಿದ ಕೂಡಲೇ ವಿಂಡೋಸ್‌ನ ನೆಟ್‌ವರ್ಕ್ ಐಕಾನ್ ಒಳಗೆ ಸರ್ವರ್ ಕಾಣುವುದಿಲ್ಲ. ಗಲಾಟೆ ಶುರುವಾಗುವುದು ಇಲ್ಲೇ. ಜನ ತಿಳಿದುಕೊಂಡಿರುವುದು ಏನೆಂದರೆ, ಅಲ್ಲಿ ಕಾಣದಿದ್ದರೆ ಸರ್ವರ್ ಇಲ್ಲ, ಪೋರ್ಟ್ ಬಂದ್. ಹಾಗಲ್ಲ. ಕಾಣಿಸುವ ಕೆಲಸ ಬೇರೆ, ತೆರೆಯುವ ಕೆಲಸ ಬೇರೆ. ಎರಡಕ್ಕೂ ಬೇರೆ ಬೇರೆ ಪೋರ್ಟ್. ಮೊದಲು ಪಟ್ಟಿ ತೋರಿಸುತ್ತಿದ್ದದ್ದು ಎಸ್‌ಎಂಬಿಯ ಒಂದನೇ ಆವೃತ್ತಿ ಮತ್ತು ನೆಟ್‌ಬಯಾಸ್‌ನ ಜೋಡಿ. 2017ರಲ್ಲಿ ಬಂದ ವಿಂಡೋಸ್ 10ರ 1709 ಆವೃತ್ತಿಯಿಂದ, ಹೊಸದಾಗಿ ಹಾಕಿದ ವಿಂಡೋಸ್‌ನಲ್ಲಿ ಆ ಒಂದನೇ ಆವೃತ್ತಿ ತಾನಾಗಿ ಇರುವುದಿಲ್ಲ. ಈಗ ಪಟ್ಟಿ ತುಂಬುವುದು ಡಬ್ಲ್ಯುಎಸ್-ಡಿಸ್ಕವರಿ ಎಂಬ ಹೊಸ ಹುಡುಕಾಟದ ವ್ಯವಸ್ಥೆ, ಯುಡಿಪಿ 3702 ಮತ್ತು ಟಿಸಿಪಿ 5357ರಲ್ಲಿ. ಲಿನಕ್ಸ್ ಸರ್ವರ್ ಕೂಡ ಅಲ್ಲಿ ಕಾಣಬೇಕೆಂದರೆ ಡಬ್ಲ್ಯುಎಸ್‌ಡಿಡಿ ಎಂಬ ಚಿಕ್ಕ ಪ್ರೋಗ್ರಾಂ ಹಾಕಿ ಈ ಎರಡನ್ನೂ ತೆರೆಯಬೇಕು. ನಾನು ಹಾಕಿಲ್ಲ. ಎರಡು ಬ್ಯಾಕ್‌ಸ್ಲ್ಯಾಶ್, ಮುಂದೆ ಸರ್ವರ್‌ನ ಐಪಿ (ನೆಟ್‌ವರ್ಕ್‌ನಲ್ಲಿ ಅದರ ವಿಳಾಸ), ಆಮೇಲೆ ಫೋಲ್ಡರ್ ಹೆಸರು ಕೊಟ್ಟು ಝಡ್ ಡ್ರೈವ್ ಮಾಡಿಕೊಟ್ಟಿದ್ದೇನೆ. ಎಡಿಟ್ ಮಾಡುವವರು ಝಡ್ ಒತ್ತುತ್ತಾರೆ, ಕೆಲಸ ನಡೆಯುತ್ತದೆ. ನೆಟ್‌ವರ್ಕ್ ಐಕಾನ್ ಅವರು ಮರೆತೇಬಿಟ್ಟಿದ್ದಾರೆ.

ನಿಜವಾಗಿ ಪೋರ್ಟ್ ಸಮಸ್ಯೆಯೇ ಹೌದೋ ಅಲ್ಲವೋ ನೋಡಲು ವಿಂಡೋಸ್‌ನ ಪವರ್‌ಶೆಲ್‌ನಲ್ಲಿ ಟೆಸ್ಟ್-ನೆಟ್‌ಕನೆಕ್ಷನ್ ಎಂಬ ಕಮಾಂಡ್ ಇದೆ. ಐಪಿ ಮತ್ತು ಪೋರ್ಟ್ ನಂಬರ್ ಕೊಟ್ಟರೆ ಕೊನೆಯ ಸಾಲಿನಲ್ಲಿ ಟ್ರೂ ಅಥವಾ ಫಾಲ್ಸ್ ಹೇಳುತ್ತದೆ. ಲಿನಕ್ಸ್ ಕಡೆಯಿಂದ ನೋಡುವಾಗ ಉತ್ತರ ಬರುವ ರೀತಿಯನ್ನೂ ಗಮನಿಸಿ. ತಟ್ಟಂತ 'ರೆಫ್ಯೂಸ್ಡ್' ಬಂತು ಅಂದರೆ ಮಷಿನ್ ತನಕ ಹೋಗಿ ಮುಟ್ಟಿದ್ದೀರಿ, ಆ ಪೋರ್ಟ್‌ನಲ್ಲಿ ಕೇಳುವವರು ಯಾರೂ ಇಲ್ಲ. ಹೆಚ್ಚಾಗಿ ಸರ್ವಿಸ್ ನಿಂತಿರುತ್ತದೆ. ಸುಮ್ನೆ ಕಾಯಿಸಿ ಕಾಯಿಸಿ 'ಟೈಮ್‌ಔಟ್' ಆಯಿತು ಅಂದರೆ ನಡುವೆ ಫೈರ್‌ವಾಲ್, ಅಂದರೆ ಯಾವ ಪೋರ್ಟ್‌ಗೆ ಯಾರು ಬರಬಹುದು ಅಂತ ಕಾಯುವ ಕಾವಲುಗಾರ, ನುಂಗಿದೆ, ಇಲ್ಲವೇ ಆ ಐಪಿಯಲ್ಲಿ ಮಷಿನ್ ಇಲ್ಲ. ಇಷ್ಟು ಗೊತ್ತಿದ್ದರೆ ಅರ್ಧ ಹುಡುಕಾಟ ಮುಗಿದಂತೆ.

ಐಪಿಯಲ್ಲಿ ಮಷಿನ್ ಇಲ್ಲದಿರುವುದು ನಮ್ಮೂರಲ್ಲಿ ಏಪ್ರಿಲ್-ಮೇ ತಿಂಗಳ ಕಥೆ. ಸಂಜೆ ಗುಡುಗು ಕೇಳಿದ ಕೂಡಲೇ ಎಲ್ಲರೂ ರೌಟರ್, ಯುಪಿಎಸ್, ಎಲ್ಲದರ ವೈರ್ ಕಿತ್ತು ಹಾಕುತ್ತಾರೆ. ಕಿತ್ತು ಹಾಕಲೇಬೇಕು, ಒಂದು ಸಿಡಿಲಿಗೆ ಸ್ವಿಚ್ ಸುಟ್ಟುಹೋದದ್ದು ಕಂಡವರಿಗೆ ಗೊತ್ತು. ಮರುದಿನ ಮತ್ತೆ ಜೋಡಿಸಿದಾಗ ರೌಟರ್ ಸರ್ವರ್‌ಗೆ ಬೇರೆಯೇ ಐಪಿ ಕೊಟ್ಟರೆ ಝಡ್ ಡ್ರೈವ್ ಸತ್ತಂತೆ. ಅದಕ್ಕೇ ರೌಟರ್‌ನಲ್ಲಿ ಸರ್ವರ್‌ನ ಮ್ಯಾಕ್ ಅಡ್ರೆಸ್‌ಗೆ (ನೆಟ್‌ವರ್ಕ್ ಕಾರ್ಡಿನ ಗುರುತಿನ ನಂಬರ್) 192.168.1.10 ಅಂತ ಕಾಯಂ ಮಾಡಿಟ್ಟಿದ್ದೇನೆ. ಕಾಪಿಯರ್‌ಗೂ ಹಾಗೇ. ಫೈರ್‌ವಾಲ್ ರೂಲ್‌ಗಳೆಲ್ಲ ಐಪಿ ಮೇಲೆ ನಿಂತಿರುವಾಗ ಇದಿಲ್ಲದೆ ಮುಂದಿನದ್ದು ಯಾವುದೂ ನಡೆಯುವುದಿಲ್ಲ.

ಹೊಸ ವಿಂಡೋಸ್ 11 ಲ್ಯಾಪ್‌ಟಾಪ್ ತಂದಾಗ ಇನ್ನೊಂದು ತಮಾಷೆ. ಪೋರ್ಟ್ ಟೆಸ್ಟ್ ಟ್ರೂ ಅನ್ನುತ್ತದೆ, ಫೋಲ್ಡರ್ ಮಾತ್ರ ತೆರೆಯುವುದಿಲ್ಲ. ಅಲ್ಲಿ ಪಾಸ್‌ವರ್ಡ್ ಇಲ್ಲದ 'ಎಲ್ಲರಿಗೂ' ಎಂಬ ಫೋಲ್ಡರ್ ಇತ್ತು, ಭಾವನ ಇಷ್ಟದ್ದು. ವಿಂಡೋಸ್ 11ರ 24ಎಚ್2 ಪ್ರೊ ಆವೃತ್ತಿ ಗೆಸ್ಟ್ ಲಾಗಿನ್ ಒಪ್ಪುವುದಿಲ್ಲ, ಎಸ್‌ಎಂಬಿ ಸೈನಿಂಗ್, ಅಂದರೆ ಪ್ರತಿ ಸಂದೇಶಕ್ಕೂ ಸಹಿ, ಬೇಕೇ ಬೇಕು ಅನ್ನುತ್ತದೆ. ಗೆಸ್ಟ್‌ಗೆ ಪಾಸ್‌ವರ್ಡ್ ಇಲ್ಲ, ಪಾಸ್‌ವರ್ಡ್ ಇಲ್ಲದೆ ಸಹಿ ಹಾಕಲು ಆಗುವುದಿಲ್ಲ. ರಿಜಿಸ್ಟ್ರಿ ತಿದ್ದಿ ದಾಟಿಸಬಹುದು ಅಂತ ಹೇಳುವವರು ಬಹಳ ಜನ. ನನ್ನ ಮಟ್ಟಿಗೆ ವಿಂಡೋಸ್ ಹೇಳಿದ್ದೇ ಸರಿ. ಒಬ್ಬೊಬ್ಬರಿಗೂ ಒಂದು ಸಾಂಬಾ ಯೂಸರ್ ಮಾಡಿದೆ. ಲಿನಕ್ಸ್‌ನ ಪಾಸ್‌ವರ್ಡ್ ಬೇರೆ, ಸಾಂಬಾದ್ದು ಬೇರೆ. ಎರಡನೆಯದನ್ನು ಎಸ್‌ಎಂಬಿಪಾಸ್‌ಡಬ್ಲ್ಯುಡಿ ಕಮಾಂಡ್‌ನಲ್ಲಿ ಕೊಡಬೇಕು.

ಆಲ್ಬಂ ಡಿಸೈನ್ ಮಾಡುವ ಹುಡುಗನ ಮ್ಯಾಕ್‌ಗೂ ಅದೇ 445. ಮೊದಲು ಮ್ಯಾಕ್‌ಗಳಿಗೆ ಎಎಫ್‌ಪಿ ಅಂತ 548ರಲ್ಲಿ ಪ್ರತ್ಯೇಕ ವ್ಯವಸ್ಥೆ ಬೇಕಿತ್ತು. 2013ರ ಮಾವೆರಿಕ್ಸ್‌ನಿಂದ ಆ್ಯಪಲ್ ಕೂಡ ಎಸ್‌ಎಂಬಿಯನ್ನೇ ಮುಂದೆ ಮಾಡಿತು. ಸಾಂಬಾದಲ್ಲಿ ಫ್ರೂಟ್ ಎಂಬ ಮಾಡ್ಯೂಲ್ ಹಾಕಿದರೆ ಮ್ಯಾಕ್ ಜೊತೆ ಚೆನ್ನಾಗಿ ಹೊಂದುತ್ತದೆ. ಐಫೋನ್‌ನ ಫೈಲ್ಸ್ ಆ್ಯಪ್ ಕೂಡ 2019ರ ಐಒಎಸ್ 13ರಿಂದ ಎಸ್‌ಎಂಬಿ ಕಲಿತಿದೆ. ನನ್ನ ಲಿನಕ್ಸ್ ಲ್ಯಾಪ್‌ಟಾಪ್‌ಗೆ ಎನ್‌ಎಫ್‌ಎಸ್ ಎಂಬ ಫೈಲ್ ಹಂಚುವ ಬೇರೆ ವ್ಯವಸ್ಥೆ ಹಾಕಬಹುದಿತ್ತು. ನಾಲ್ಕನೇ ಆವೃತ್ತಿಗೆ 2049 ಒಂದೇ ಸಾಕು, ಮೂರನೆಯದಾದರೆ 111 ಮತ್ತು ಇನ್ನೂ ಕೆಲವು ಬೇಕು. ನಾನೊಬ್ಬನಿಗೋಸ್ಕರ ಮತ್ತೊಂದು ಪೋರ್ಟ್ ಯಾಕೆ ಅಂತ ಬಿಟ್ಟೆ.

ಹಾಲ್‌ನ ಟಿವಿ ಮಾತ್ರ ಬೇರೆ ಜಾತಿ. ಭಾವನ ಅಪ್ಪಯ್ಯನಿಗೆ ಹಳೇ ಯಕ್ಷಗಾನದ ಆಟಗಳನ್ನು ಅದರಲ್ಲೇ ನೋಡಬೇಕು. ಅದಕ್ಕೆ ಟಿವಿಗೆ ವಿಡಿಯೋ ಕಳಿಸುವ ಡಿಎಲ್‌ಎನ್‌ಎ ಪದ್ಧತಿಯ ಮಿನಿಡಿಎಲ್‌ಎನ್‌ಎ ಎಂಬ ಪ್ರೋಗ್ರಾಂ ಹಾಕಿ, ಟಿವಿಯ ಐಪಿಗೆ ಮಾತ್ರ ಟಿಸಿಪಿ 8200, ಹುಡುಕಾಟಕ್ಕೆ ಯುಡಿಪಿ 1900 ಕೊಟ್ಟಿದ್ದೇನೆ. ಡಿಎಲ್‌ಎನ್‌ಎಗೆ ಪಾಸ್‌ವರ್ಡ್ ಎಂಬುದೇ ಇಲ್ಲ. ಹಾಗಾಗಿ ಯಕ್ಷಗಾನದ ಫೋಲ್ಡರ್ ಬಿಟ್ಟು ಬೇರೇನೂ ಅದಕ್ಕೆ ತೋರಿಸುವುದಿಲ್ಲ. ಗಿರಾಕಿಗಳ ಮದುವೆ ವಿಡಿಯೋ ಟಿವಿಯಲ್ಲಿ ಬಂದರೆ ಕಷ್ಟ ಅಲ್ವಾ?

ಗಿರಾಕಿ ಅಂದಾಗ ನೆನಪಾಯಿತು. ಫೋಟೋ ಆರಿಸಲು ಬಂದವರು ಕೂತ ಕೂಡಲೇ ವೈಫೈ ಪಾಸ್‌ವರ್ಡ್ ಕೇಳುತ್ತಾರೆ, ಭಾವ ಕೊಟ್ಟೂ ಬಿಡುತ್ತಾರೆ. ಫೈರ್‌ವಾಲ್‌ನಲ್ಲಿ '192.168.1ರಿಂದ ಶುರುವಾಗುವವರೆಲ್ಲ 445ಕ್ಕೆ ಬರಬಹುದು' ಅಂತ ಬರೆದರೆ ಆ ಗಿರಾಕಿಯ ಮೊಬೈಲ್ ಕೂಡ ಅದರಲ್ಲಿ ಸೇರಿತು. ರೌಟರ್‌ನಲ್ಲಿ ಗೆಸ್ಟ್ ವೈಫೈ ಬೇರೆ ಮಾಡಿ, ಅದರ ಪಾಸ್‌ವರ್ಡ್ ಮಾತ್ರ ಗೋಡೆಗೆ ಅಂಟಿಸಿದೆ. ಆಮೇಲೆಯೇ ಆ ರೂಲ್‌ಗೆ ಅರ್ಥ ಬಂದದ್ದು.

ಜಾಸ್ತಿ ತಲೆ ತಿಂದದ್ದು ಮುಂದಿನ ಕೋಣೆಯ ಹಳೇ ಕಾಪಿಯರ್. ಪಹಣಿ, ಜಾತಕ, ಹಳೇ ಫೋಟೋ ಎಲ್ಲ ಅದರಲ್ಲೇ ಸ್ಕ್ಯಾನ್ ಆಗಿ ನೇರ ಸರ್ವರ್‌ಗೆ ಬರಬೇಕು. ಅದಕ್ಕೆ ಗೊತ್ತಿರುವುದು ಎಸ್‌ಎಂಬಿಯ ಒಂದನೇ ಆವೃತ್ತಿ ಮಾತ್ರ. 2019ರ ಸಾಂಬಾ 4.11ರಿಂದ ಆ ಆವೃತ್ತಿ ತಾನಾಗಿ ಬಂದ್ ಇರುತ್ತದೆ. ಒಂದು ಸಾಲು ಬರೆದರೆ ಮತ್ತೆ ಶುರುವಾಗುತ್ತದೆ, ಆದರೆ ಅದು ಕಾಪಿಯರ್ ಒಂದಕ್ಕೆ ಅಲ್ಲ, ಇಡೀ ಸರ್ವರ್‌ಗೆ. 2017ರ ಮೇ ತಿಂಗಳಲ್ಲಿ ಜಗತ್ತಿನ ಕಂಪ್ಯೂಟರ್‌ಗಳನ್ನು ಕಾಡಿದ ವಾನಾಕ್ರೈ ಎಂಬ ಸುಲಿಗೆ ವೈರಸ್ ಹರಡಿದ್ದು ಇದೇ ಒಂದನೇ ಆವೃತ್ತಿಯ ತೂತಿನಿಂದ, 445ರ ಮೂಲಕ. ಅದಕ್ಕೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಪ್ಯಾಚ್ ಕೊಟ್ಟಿತ್ತು, ಹಾಕಿಕೊಳ್ಳದವರು ಅನುಭವಿಸಿದರು. ಅದು ವಿಂಡೋಸ್‌ನ ತೂತು, ಸಾಂಬಾದ್ದಲ್ಲ, ನಿಜ. ಆದರೂ ಅಷ್ಟು ಹಳೆಯದನ್ನು ಒಂದು ಸ್ಕ್ಯಾನರ್‌ಗಾಗಿ ಎಬ್ಬಿಸುವ ಮನಸ್ಸು ನನಗಿಲ್ಲ.

ಕಾಪಿಯರ್‌ನ ಮೆನುವಿನಲ್ಲಿ ಫೈಲ್ ಸಾಗಿಸಲು ಇನ್ನೊಂದು ದಾರಿ ಇತ್ತು, ಎಫ್‌ಟಿಪಿ. ಇದು ಎಸ್‌ಎಂಬಿಗಿಂತಲೂ ಮುದಿ. 1971ರಲ್ಲಿ ಇದರ ಮೊದಲ ಕರಡು ಬರೆದವರು ಅಭಯ್ ಭೂಷಣ್, ಐಐಟಿ ಕಾನ್ಪುರದ ಮೊದಲ ಬ್ಯಾಚಿನಲ್ಲಿ ಓದಿ ಅಮೆರಿಕದ ಎಂಐಟಿಗೆ ಹೋದವರು. ಎಫ್‌ಟಿಪಿಯಲ್ಲಿ ಪಾಸ್‌ವರ್ಡ್ ತೆರೆದ ಅಂಚೆ ಕಾರ್ಡಿನ ಹಾಗೆ ಹೋಗುತ್ತದೆ, ಯಾರೂ ಓದಬಹುದು. ಆದರೆ ಇದನ್ನು ಕಟ್ಟಿಹಾಕುವುದು ಸುಲಭ. ಕಾಪಿಯರ್‌ಗೆಂದೇ ಒಂದು ಯೂಸರ್, ಆ ಯೂಸರ್‌ಗೆ ಸ್ಕ್ಯಾನ್ ಫೋಲ್ಡರ್ ಒಂದೇ, ಫೈರ್‌ವಾಲ್‌ನಲ್ಲಿ ಕಾಪಿಯರ್‌ನ ಐಪಿಗೆ ಮಾತ್ರ 21.

ಹಾಕಿದೆ, ಲಾಗಿನ್ ಆಯಿತು, ಫೈಲ್ ಬರಲಿಲ್ಲ. ಎಫ್‌ಟಿಪಿಯ ಗುಣವೇ ಹಾಗೆ. 21ರಲ್ಲಿ ನಡೆಯುವುದು ಮಾತು ಮಾತ್ರ, ಫೈಲ್ ಸಾಗುವುದು ಬೇರೆ ಪೋರ್ಟ್‌ನಲ್ಲಿ. ಆ್ಯಕ್ಟಿವ್ ಅಂದರೆ ಸರ್ವರ್ ತಾನೇ 20ರಿಂದ ಹೊರಟು ಕ್ಲೈಂಟ್ ಹೇಳಿದ ಪೋರ್ಟ್‌ಗೆ ಹೋಗುತ್ತದೆ. ಪ್ಯಾಸಿವ್ ಅಂದರೆ ಸರ್ವರ್ ಒಂದು ನಂಬರ್ ಹೇಳುತ್ತದೆ, ಕ್ಲೈಂಟ್ ಅಲ್ಲಿಗೆ ಬರುತ್ತದೆ. ನಮ್ಮ ಕಾಪಿಯರ್ ಪ್ಯಾಸಿವ್‌ನದ್ದು. ನಾನು ಹಾಕಿದ ಎಫ್‌ಟಿಪಿ ಪ್ರೋಗ್ರಾಂ ವಿಎಸ್‌ಎಫ್‌ಟಿಪಿಡಿ, ಸುಮ್ಮನೆ ಬಿಟ್ಟರೆ ಮನಸ್ಸಿಗೆ ಬಂದ ನಂಬರ್ ಹೇಳುತ್ತದೆ, ಫೈರ್‌ವಾಲ್ ಅದನ್ನು ತಡೆಯುತ್ತದೆ. ಪ್ಯಾಸಿವ್ ಪೋರ್ಟ್‌ನ ಕನಿಷ್ಠ 40000, ಗರಿಷ್ಠ 40010 ಅಂತ ಎರಡು ಸಾಲು ಬರೆದು, ಅಷ್ಟನ್ನೇ ಕಾಪಿಯರ್‌ಗೆ ತೆರೆದೆ. ಸ್ಕ್ಯಾನ್ ಬಂದು ಬಿತ್ತು.

ಇನ್ನು ಕಾರವಾರ. ಭಾವನ ಅಣ್ಣನ ಮಗಳು ಅಲ್ಲಿದ್ದಾಳೆ, ಎಡಿಟಿಂಗ್‌ನಲ್ಲಿ ಪಳಗಿದ ಕೈ. ಅವಳಿಗೂ ಈ ಸರ್ವರ್‌ನ ಫೈಲ್ ಬೇಕು. "ಮಾವ, ರೌಟರಲ್ಲಿ 445 ಫಾರ್ವರ್ಡ್ ಮಾಡಿಬಿಟ್ರೆ ಆತಲ" ಅಂದಳು. ಅಂದರೆ ಹೊರಗಿನಿಂದ 445ಕ್ಕೆ ಬಂದವರನ್ನು ರೌಟರ್ ನೇರ ಸರ್ವರ್‌ಗೆ ಬಿಡುವುದು. ಸ್ಟುಡಿಯೋ ಒಳಗೆ 445 ಎಷ್ಟು ಒಳ್ಳೆಯದೋ, ಇಂಟರ್‌ನೆಟ್‌ಗೆ ತೆರೆದರೆ ಅಷ್ಟೇ ಅಪಾಯ. ಜಗತ್ತಿನ ಮೂಲೆ ಮೂಲೆಯಿಂದ ಯಂತ್ರಗಳು ಬಂದು ತಟ್ಟುತ್ತವೆ. ದೂರದಿಂದ ಗುಪ್ತವಾಗಿ ಲಾಗಿನ್ ಆಗುವ ಸೆಕ್ಯೂರ್ ಶೆಲ್‌ನ 22 ತೆರೆದು, ಅದರೊಳಗೆ ಫೈಲ್ ಸಾಗಿಸುವ ಎಸ್‌ಎಫ್‌ಟಿಪಿ ಕೊಡಬಹುದಿತ್ತು. 22ನ್ನು 2222 ಮಾಡಿದರೆ ಭದ್ರ ಅಂತ ಕೆಲವರು ನಂಬಿದ್ದಾರೆ. ಲಾಗ್‌ನಲ್ಲಿ ಗದ್ದಲ ಕಡಿಮೆಯಾಗುತ್ತದೆ ಅಷ್ಟೇ. ಭದ್ರ ಆಗುವುದು ಪಾಸ್‌ವರ್ಡ್ ಲಾಗಿನ್ ತೆಗೆದು ಕೀ (ಅವರವರ ಮಷಿನ್‌ನಲ್ಲಿರುವ ಗುಪ್ತ ಫೈಲ್) ಮಾತ್ರ ಇಟ್ಟರೆ.

ಆದರೆ ಅದೂ ನಡೆಯುವ ಹಾಗಿರಲಿಲ್ಲ. ರೌಟರ್‌ನ ಹೊರಗಿನ ಐಪಿ ನೋಡಿದರೆ 100.70 ಅಂತ ಶುರು. 100.64ರಿಂದ 100.127ರ ತನಕದ ಐಪಿ ಬಂದರೆ ಇಂಟರ್‌ನೆಟ್ ಕಂಪನಿಯವರು ತಮ್ಮ ಕಡೆಯೇ ನೂರಾರು ಮನೆಗಳನ್ನು ಒಂದು ಐಪಿ ಹಿಂದೆ ಕೂರಿಸಿದ್ದಾರೆ ಅಂತ ಅರ್ಥ. ನಮ್ಮ ರೌಟರ್‌ನಲ್ಲಿ ಎಷ್ಟು ಫಾರ್ವರ್ಡ್ ಮಾಡಿದರೂ ಹೊರಗಿನವರು ಒಳಗೆ ಬರಲಾರರು. ಹಾಗಾಗಿ ತಿರುಗಾಮುರುಗಾ ಮಾಡಿದೆ. ಹೊರಗೆ ಚಿಕ್ಕದೊಂದು ಬಾಡಿಗೆ ಸರ್ವರ್, ಅದರಲ್ಲಿ ಇಂಟರ್‌ನೆಟ್ ಮೇಲೆ ಗುಪ್ತ ಸುರಂಗ ಕಟ್ಟುವ ವೈರ್‌ಗಾರ್ಡ್‌ಗೆ ಯುಡಿಪಿ 51820. ಸ್ಟುಡಿಯೋ ಸರ್ವರ್ ತಾನೇ ಹೊರಗೆ ಹೋಗಿ ಅದಕ್ಕೆ ಜೋಡಿಸಿಕೊಳ್ಳುತ್ತದೆ, 25 ಸೆಕೆಂಡಿಗೊಮ್ಮೆ ಸಣ್ಣ ಪ್ಯಾಕೆಟ್ ಕಳಿಸಿ ದಾರಿ ಮುಚ್ಚದಂತೆ ಇಡುತ್ತದೆ. ಕಾರವಾರದ ಲ್ಯಾಪ್‌ಟಾಪ್ ಕೂಡ ಅಲ್ಲಿಗೇ ಬರುತ್ತದೆ. ಸ್ಟುಡಿಯೋ ರೌಟರ್‌ನಲ್ಲಿ ಒಂದು ಪೋರ್ಟ್ ಕೂಡ ತೆರೆದಿಲ್ಲ. ಸುರಂಗದ ಒಳಗೆ ಅವಳಿಗೆ ಕೊಟ್ಟದ್ದು 22ರ ಎಸ್‌ಎಫ್‌ಟಿಪಿ ಮಾತ್ರ. ಎಸ್‌ಎಂಬಿ ಮಾತು ಜಾಸ್ತಿ ಆಡುವ ಪ್ರೋಟೋಕಾಲ್, ದೂರದ ಲೈನ್‌ನಲ್ಲಿ ಫೋಲ್ಡರ್ ತೆರೆಯುವುದಕ್ಕೇ ಆಕಳಿಸುತ್ತದೆ.

ಒಂದು ಲೆಕ್ಕ ಮಾತ್ರ ಯಾವ ಪೋರ್ಟ್‌ಗೂ ಜಗ್ಗುವುದಿಲ್ಲ. ರಾತ್ರಿಯಿಡೀ ಆಟ, 8 ಗಂಟೆ, ಸೆಕೆಂಡಿಗೆ 100 ಮೆಗಾಬಿಟ್‌ನಂತೆ ರೆಕಾರ್ಡ್ ಮಾಡಿದರೆ ಒಂದು ಕ್ಯಾಮೆರಾಕ್ಕೇ 360 ಜಿಬಿ. 50 ಮೆಗಾಬಿಟ್ ಅಪ್‌ಲೋಡ್‌ನಲ್ಲಿ ಎಲ್ಲೂ ಕಡಿಯದೆ ಹೋದರೂ 16 ಗಂಟೆ. ಆಗ ಹಾರ್ಡ್‌ಡಿಸ್ಕನ್ನು ಕುಮಟಾ ಮೇಲೆ ಕಾರವಾರಕ್ಕೆ ಹೋಗುವ ಪರಿಚಯದವರ ಕೈಯಲ್ಲಿ ಕಳಿಸುವುದೇ ವಾಸಿ. ದೇವಿಮನೆ ಘಟ್ಟ ಇಳಿದು ಊಟದ ಹೊತ್ತಿಗೆ ಮುಟ್ಟುತ್ತದೆ. ಸುರಂಗದಲ್ಲಿ ಹೋಗುವುದು ಎಡಿಟ್ ಮುಗಿದ ಫೈಲ್, ಚಿಕ್ಕ ಪ್ರಾಕ್ಸಿ ಫೈಲ್ (ಎಡಿಟ್ ಮಾಡಲು ಮಾಡಿದ ಹಗುರ ನಕಲು), ಆಡಿಯೋ.

ಈಗ ಫೈರ್‌ವಾಲ್‌ನಲ್ಲಿ ಇರುವುದು ಇಷ್ಟು: ಒಳಗಿನವರಿಗೆ 445, ಟಿವಿಗೆ 8200 ಮತ್ತು 1900, ಕಾಪಿಯರ್‌ಗೆ 21 ಮತ್ತು 40000-40010, ನನ್ನ ಲ್ಯಾಪ್‌ಟಾಪ್ ಮತ್ತು ಸುರಂಗಕ್ಕೆ 22. ಪ್ರತಿ ರೂಲ್‌ನ ಮುಂದೆ ಕಾಮೆಂಟ್‌ನಲ್ಲಿ ಯಾರಿಗೆ ಅಂತ ಬರೆದಿಟ್ಟಿದ್ದೇನೆ. ಕಾಪಿಯರ್ ಬದಲಾಯಿಸಿದ ದಿನ ಅದರ ಎರಡು ಸಾಲು ಅಳಿಸುವವನಿದ್ದೇನೆ. ಭಾವ ಮಾತ್ರ ಡ್ರಮ್ ಹೊಸದು ಹಾಕಿಸಿ, ಇನ್ನೊಂದು ಮದುವೆ ಸೀಸನ್ ಓಡಲಿ ಅನ್ನುತ್ತಿದ್ದಾರೆ.