ಸ್ಲ್ಯಾಬ್ ಹಾಕಿದ ರಾತ್ರಿ

2017ರ ಜೂನ್. ದುಬೈಯಲ್ಲಿ ರಂಜಾನ್ ಉಪವಾಸದ ದಿನಗಳು. ಅಲ್ಲಿ ಬೇಸಿಗೆಯಲ್ಲಿ ಕಾಂಕ್ರೀಟ್ ಹಾಕುವುದು ಹೆಚ್ಚಾಗಿ ರಾತ್ರಿಯೇ, ಅದೂ ಐಸ್ ಬೆರೆಸಿ. ನಾನು ಆ ಸೈಟಿನಲ್ಲಿ ಕ್ವಾಲಿಟಿ ನೋಡಿಕೊಳ್ಳುತ್ತಿದ್ದೆ. ಪಂಪು, ಮಿಕ್ಸರ್ ಲಾರಿಯವರು ಪೇಶಾವರ ಕಡೆಯ ಪಠಾಣರು. ಶಟರಿಂಗಿಗೆ, ಅಂದರೆ ಕಾಂಕ್ರೀಟ್ ಸುರಿಯುವ ಅಚ್ಚು ಕಟ್ಟಲು, ತೆಲಂಗಾಣದವರು; ಕಾಂಕ್ರೀಟನ್ನು ಅಲುಗಿಸಿ ಕೂರಿಸುವ ವೈಬ್ರೇಟರ್ ಹಿಡಿಯಲು ನೇಪಾಳದ ಹುಡುಗರು. ಸರ್ವೇಯರ್ ಫಿಲಿಪೀನ್ಸಿನವನು, ಎಂಜಿನಿಯರ್ ಈಜಿಪ್ಟಿನವರು. ಫೋರ್‌ಮನ್ ಕಾಸರಗೋಡಿನವರು, ನನ್ನ ಜೊತೆ ಕನ್ನಡದಲ್ಲೇ ಮಾತು.

ಮೊದಲ ಲಾರಿ ಆರೂವರೆಗೆ ಅಂತ ಪ್ಲಾನ್. ಉಪವಾಸ ಬಿಡುವುದು ಏಳು ದಾಟಿದ ಮೇಲೆ. ಆ ಸೆಕೆಗೆ ಕಾಂಕ್ರೀಟನ್ನು ಲಾರಿಯಲ್ಲಿ ಜಾಸ್ತಿ ಹೊತ್ತು ಕಾಯಿಸುವಂತಿಲ್ಲ. ಫೋರ್‌ಮನ್ ಕಾಂಕ್ರೀಟ್ ಕಳಿಸುವ ಪ್ಲಾಂಟಿಗೆ ಒಂದು ಫೋನ್ ಮಾಡಿ ಎಂಟಕ್ಕೆ ಹಾಕಿಸಿದರು. ಮುಗಿಯಿತು. ಧರ್ಮ, ಊಟ, ಭಾಷೆ ಎಲ್ಲ ಸೈಟಿನಲ್ಲಿ ಹೀಗೇ ಸರಿಹೋಗುತ್ತವೆ.

ತೊಡಕು ಬಂದದ್ದು ಬೇರೆ ಕಡೆ. ಕೊನೆಯ ಸಲ ಶಟರಿಂಗಿನ ಲೆವೆಲ್ ನೋಡಿದ ಸರ್ವೇಯರ್, ಎಂಜಿನಿಯರ್ ಹತ್ತಿರ ಹೋಗಿ ಮೆಲ್ಲಗೆ ಏನೋ ಹೇಳಿದ. ಅವರ ಕಿವಿಯಲ್ಲಿ ಫೋನು. "ಇಷ್ಟು ಹೊತ್ತು ಏನು ಮಾಡುತ್ತಿದ್ದೆ?" ಅಂತ ಎಲ್ಲರೆದುರು ಗದರಿದರು. ಅವರ ಗಂಟಲೇ ಹಾಗೆ. ಇಫ್ತಾರಿಗೆ ನಮ್ಮನ್ನು ಕರೆದದ್ದೂ ಅದೇ ಗಂಟಲಲ್ಲಿ. ಸರ್ವೇಯರ್ ನಕ್ಕು, "ಓಕೆ ಸರ್" ಅಂದು ಹಿಂದೆ ಸರಿದ. ಎಂಜಿನಿಯರ್ ಪಾಲಿಗೆ ವಿಷಯ ಅಲ್ಲಿಗೇ ಮುಗಿಯಿತು.

ಫೋರ್‌ಮನ್‌ಗೆ ಮಾತ್ರ ಸಮಾಧಾನ ಇಲ್ಲ. "ಬೈಸಿಕೊಂಡು ನಗ್ತಾ ಇದ್ದಾನೆ ಅಂದ್ರೆ ಏನೋ ಉಂಟು ಮಾರಾಯ್ರೆ" ಅಂದರು ನನಗೆ. ಅವನನ್ನು ಕಂಟೇನರ್ ಹಿಂದೆ ಕರೆದುಕೊಂಡು ಹೋಗಿ, ಚಹಾ ಕೊಟ್ಟು ಕೇಳಿದರು. ಒಂದು ಮೂಲೆ 20 ಮಿಲ್ಲಿಮೀಟರ್ ತಗ್ಗಿತ್ತು! ತೆಲಂಗಾಣದವರು ಕೆಳಗಿಳಿದು ಶಟರಿಂಗ್ ಹೊತ್ತ ಜಾಕಿ ತಿರುಗಿಸಿ ಎತ್ತಿದರು. ಸಡಿಲವಾಗಿದ್ದ ಆ ಜಾಕಿಯನ್ನು ನೇಪಾಳದ ಹುಡುಗರು ಮಧ್ಯಾಹ್ನವೇ ನೋಡಿದ್ದರಂತೆ. ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

"ಆ ದೇಶದವರೇ ಹಾಗೆ" ಅಂತ ಸೈಟಿನಲ್ಲಿ ಸುಲಭವಾಗಿ ಹೇಳಿಬಿಡುತ್ತಾರೆ. ನಾನು ಪೂರ್ತಿ ಒಪ್ಪುವುದಿಲ್ಲ. ಸರ್ವೇಯರ್ ಸುಮ್ಮನಾದದ್ದು ನಾಲ್ಕು ಜನರೆದುರು ಮರ್ಯಾದೆ ಹೋಯಿತು ಅಂತ, ಅದು ಸರಿ. ಆದರೆ ಆ ಹುಡುಗರ ವಿಷಯ ಬೇರೆ. ಅದೇ ಕೆಲಸಕ್ಕೆ ಪಾಸ್‌ಪೋರ್ಟ್ ನೋಡಿ ಸಂಬಳ ಕೊಡುವ ಕಡೆ, ಎಲ್ಲರಿಗಿಂತ ಕಡಿಮೆ ಸಿಗುವವನು ಮೇಲಿನವರ ತಪ್ಪು ತೋರಿಸಲು ಯಾಕೆ ಬಾಯಿ ಬಿಡುತ್ತಾನೆ, ಅಲ್ವಾ?

ಮುಂದಿನ ಸ್ಲ್ಯಾಬಿನಿಂದ ಫೋರ್‌ಮನ್ ಹೊಸ ಪದ್ಧತಿ ತಂದರು. ಸರ್ವೇಯರ್ ಲೆವೆಲ್ ಬರೆದು ಸಹಿ ಹಾಕಿದ ಕಾಗದ ಕೈಗೆ ಬರದೆ ಪ್ಲಾಂಟಿಗೆ ಫೋನ್ ಇಲ್ಲ. ಎಂಜಿನಿಯರ್ ಮೊದಲು ಗೊಣಗಿದರು. ಆಮೇಲಾಮೇಲೆ ಅವರೇ "ಪೇಪರ್ ಎಲ್ಲಿ?" ಅಂತ ಇಡೀ ಸೈಟಿಗೆ ಕೇಳುವಂತೆ ಕೂಗತೊಡಗಿದರು. ನೇಪಾಳದ ಹುಡುಗರನ್ನು ಕೇಳುವ ಪದ್ಧತಿಯನ್ನು ಮಾತ್ರ ಯಾರೂ ತರಲಿಲ್ಲ.