ಸರದ್ದು ಗೆರೆಯೋ, ಪೆಟ್ಗೆಯೋ?

ಸೂರ್ಯನ ಬೆಳಕನ್ನು ಬಣ್ಣಗಳಾಗಿ ಬಿಡಿಸುವ ಪೆಟ್ಟಿಗೆಯಲ್ಲಿ ಒಂದು ಕಪ್ಪು ಗೆರೆ ಸರಿದದ್ದು ಕಂಡು, ಸೂರ್ಯ ತಿರುಗುವುದನ್ನು ಹಿಡಿದೆವು ಅಂತ ಮೊನ್ನೆ ಭಾನುವಾರ ಶಿರಸಿ ಹತ್ತಿರದ ಒಂದು ಅಂಗಳದಲ್ಲಿ ಎಲ್ಲರೂ ಹಿಗ್ಗುತ್ತಿದ್ದಾಗ, ಅಡಿಕೆ ಹರವುತ್ತಿದ್ದ ಅಜ್ಜ ತಲೆ ಎತ್ತದೆ ಕೇಳಿದರು: "ಸರದ್ದು ಗೆರೆಯೋ, ನಿಂಗಳ ಪೆಟ್ಗೆಯೋ?"

"ಅದೆಲ್ಲ ಸಾಫ್ಟ್‌ವೇರ್ ನೋಡ್ಕೊಳ್ತದೆ ಅಜ್ಜಾ" ಅಂದರು ಜೊತೆಗಿದ್ದ ಮೇಷ್ಟ್ರು. ಪಾಠ ಹೇಳುವವರ ಬಾಯಲ್ಲಿ ಬರಬಾರದ ಮಾತು. ವರ್ಷಗಟ್ಟಲೆ ಅಡಿಕೆ ತೂಗಿಸಿದವರು ಮೊದಲು ಅನುಮಾನಿಸುವುದು ತಕ್ಕಡಿಯನ್ನೇ.

ಸರದ್ದು ಗೆರೆಯೋ, ಪೆಟ್ಗೆಯೋ? ಲೆಕ್ಕ ನೋಡಿ. ಸೂರ್ಯನ ಸಮಭಾಜಕದ ವೇಗ ಸೆಕೆಂಡಿಗೆ ಸುಮಾರು 2 ಕಿ.ಮೀ. ಸೂರ್ಯನಲ್ಲಿರುವ ಕಬ್ಬಿಣದ 6302.5 ಆಂಗ್‌ಸ್ಟ್ರಾಂ (ಬೆಳಕಿನ ಅಲೆಯುದ್ದದ ಅಳತೆ, ಮಿಲಿಮೀಟರಿನ ಕೋಟಿಯಲ್ಲೊಂದು ಭಾಗ) ಗೆರೆ ನಮ್ಮತ್ತ ಬರುವ ಪೂರ್ವದ ಅಂಚಿನಲ್ಲಿ 0.042 ಆಂಗ್‌ಸ್ಟ್ರಾಂ ನೀಲಿಯತ್ತ ಸರಿಯುತ್ತದೆ, ದೂರ ಹೋಗುವ ಪಶ್ಚಿಮದಲ್ಲಿ ಅಷ್ಟೇ ಕೆಂಪಿನತ್ತ. ಬೆಳಕು ಒಳಬರಲು 10 ಮೈಕ್ರಾನ್ ಸೀಳು, ಬಣ್ಣ ಬಿಡಿಸಲು ಮಿಲಿಮೀಟರಿಗೆ 2400 ಗೀರಿನ ಗ್ರೇಟಿಂಗ್ ಫಲಕ, 125 ಮಿ.ಮೀ. ಲೆನ್ಸ್, 2.4 ಮೈಕ್ರಾನ್ ಪಿಕ್ಸೆಲ್ಲಿನ ಕ್ಯಾಮೆರಾ ಇಟ್ಟರೆ ಎರಡೂ ಅಂಚಿನ ಗೆರೆಗಳ ಅಂತರ ಬರೀ 1.3 ಪಿಕ್ಸೆಲ್. ಪೆಟ್ಟಿಗೆಯೋ ತ್ರೀಡಿ ಪ್ರಿಂಟರಿನ ಕಪ್ಪು ಪ್ಲಾಸ್ಟಿಕ್. ಬೆಳಿಗ್ಗೆ ಹತ್ತು ಗಂಟೆಯ ಬಿಸಿಲಿಗೆ ಅದು ಹಿಗ್ಗಿ, ಗ್ರೇಟಿಂಗ್ ಕಣ್ಣಿಗೆ ಕಾಣದಷ್ಟು ವಾಲಿದರೂ ಗೆರೆ ಅಷ್ಟು ಓಡಬಲ್ಲದು. ಅಂಚುಗಳನ್ನು ತೆಗೆದದ್ದು ಇಪ್ಪತ್ತು ನಿಮಿಷದ ಅಂತರದಲ್ಲಿ ಬೇರೆ.

ಪೆಟ್ಟಿಗೆಗೆ ಬಿಳಿ ಬಟ್ಟೆ ಹೊದೆಸಬಹುದು, ಅರ್ಧ ಗಂಟೆ ಕಾಯಬಹುದು. ನಿಜವಾದ ಅಳತೆಗೋಲು ಮಾತ್ರ ಪಕ್ಕದಲ್ಲೇ ಇದೆ: 6302.0 ಮತ್ತು 6302.8ರಲ್ಲಿರುವ ಆಮ್ಲಜನಕದ ಗೆರೆಗಳು. ಅವು ನಮ್ಮ ಗಾಳಿಯವು. ಸೂರ್ಯ ತಿರುಗಿದರೂ ಅವು ಕದಲುವುದಿಲ್ಲ. ಅವೂ ಸರಿದಿದ್ದರೆ ಪೆಟ್ಟಿಗೆಯ ಕೆಲಸ. ಸೋಡಿಯಂ ಜೋಡಿಗೆರೆ ಹುಡುಕುವುದು ಸುಲಭವೆಂದು ಅಲ್ಲಿಗೆ ಹೋಗಬೇಡಿ. ಅದರ ಸುತ್ತ ನೀರಾವಿಯ ಗೆರೆಗಳ ಗಲಿಬಿಲಿ, ಕುಮಟೆ-ಕಾರವಾರದ ತೇವದ ಗಾಳಿಯಲ್ಲಂತೂ ಇನ್ನೂ ಹೆಚ್ಚು. ಗೆರೆಗಳು ಬಿಲ್ಲಿನಂತೆ ಬಾಗಿರುತ್ತವೆ, ಹಾಗಾಗಿ ಎರಡೂ ಅಂಚನ್ನು ಸೀಳಿನ ಒಂದೇ ಎತ್ತರದಲ್ಲಿ ಹಿಡಿಯಬೇಕು. ಚಿತ್ರದ ಐವತ್ತು ಪಿಕ್ಸೆಲ್ ಸಾಲುಗಳ ಸರಾಸರಿ ತೆಗೆದು, ಗೆರೆಯ ಅತಿ ಕಪ್ಪಾದ ತಳಕ್ಕೆ ಪ್ಯಾರಾಬೋಲಾ (ಬಟ್ಟಲಿನಂಥ ಬಾಗುಗೆರೆ) ಹೊಂದಿಸಿದರೆ ಪಿಕ್ಸೆಲ್ಲಿನ ಹತ್ತನೇ ಒಂದು ಭಾಗದವರೆಗೂ ಅಳೆಯಬಹುದು.

1909ರಲ್ಲಿ ಕೊಡೈಕನಾಲಿನಲ್ಲಿ ಖಗೋಳ ವಿಜ್ಞಾನಿ ಜಾನ್ ಎವರ್‌ಶೆಡ್ ಸೌರಕಲೆಯ (ಸೂರ್ಯನ ಮೇಲಿನ ಕಪ್ಪು ಮಚ್ಚೆಯ) ಅರೆಗಪ್ಪು ಅಂಚಿನಿಂದ ಅನಿಲ ಹೊರಗೆ ಹರಿಯುವುದನ್ನು ಕಂಡದ್ದೂ ಇಂಥದೇ ಕೂದಲೆಳೆಯ ಸರಿತದಲ್ಲಿ. ಹರಿವು ಸೂರ್ಯನ ಮೈಗುಂಟ ಅಡ್ಡಡ್ಡ; ಗೆರೆ ಸರಿಯುವುದು ನಮ್ಮತ್ತ ಬರುವ, ದೂರ ಹೋಗುವ ಚಲನೆಗೆ ಮಾತ್ರ. ಕಲೆ ಸೂರ್ಯನ ನಡುವಿದ್ದಾಗ ಗೆರೆಗೆ ಅದರ ಸುಳಿವೇ ಸಿಗದು, ಅಂಚಿನತ್ತ ಬರುವವರೆಗೆ ಕಾಯಬೇಕು.

ಸರದ್ದು ಗೆರೆಯೋ, ಪೆಟ್ಗೆಯೋ? ಭಾನುವಾರದ ಫೈಲುಗಳನ್ನು ಮತ್ತೆ ಅಳೆದರೆ ಕಬ್ಬಿಣದ ಗೆರೆ 1.8 ಪಿಕ್ಸೆಲ್ ಸರಿದಿತ್ತು, ಆಮ್ಲಜನಕದ್ದು 0.6. ಉಳಿದ 1.2 ಸೂರ್ಯನದು; ಸೀಳು ಅಂಚಿಗಿಂತ ತುಸು ಒಳಗಿದ್ದುದರಿಂದ ಕೊಂಚ ಕಮ್ಮಿ. ಎರಡೂ ಸರಿದಿದ್ದವು, ಅಜ್ಜಾ.