ಕಬ್ಬಿಣದ ಮಾತ್ರೆ ಮೈಗೆ ಹತ್ತಬೇಕಾದರೆ

ರಕ್ತಹೀನತೆಗೆಂದು ಕಬ್ಬಿಣದ ಮಾತ್ರೆ ನುಂಗದ ಹೆಂಗಸರು ನಮ್ಮ ಬಳಗದಲ್ಲಿ ವಿರಳ. ಆದರೆ ಯಾವ ರೂಪದ ಕಬ್ಬಿಣವನ್ನು ನುಂಗುತ್ತಿದ್ದೇವೆ, ಅದರಲ್ಲಿ ಎಷ್ಟು ಮೈಗೆ ಹತ್ತುತ್ತದೆ ಎಂದು ವಿಚಾರಿಸುವವರು ಇನ್ನೂ ವಿರಳ. ಇದು ನನ್ನನ್ನು ಬಹಳ ಕಾಲದಿಂದ ಕಾಡುತ್ತಿರುವ ಸಂಗತಿ.

ಮಾತ್ರೆಯ ಹಾಳೆಯ ಹಿಂಬದಿಯಲ್ಲಿ ದಪ್ಪಕ್ಷರದಲ್ಲಿರುವುದು ಸಾಮಾನ್ಯವಾಗಿ ಲವಣದ, ಅಂದರೆ ಕಬ್ಬಿಣ ಬೇರೆ ವಸ್ತುವಿನೊಂದಿಗೆ ಕೂಡಿದ ಸಂಯುಕ್ತದ, ತೂಕ. ಫೆರಸ್ ಫ್ಯೂಮರೇಟ್‌ನ ತೂಕದಲ್ಲಿ ಸುಮಾರು ಶೇ. 33, ಫೆರಸ್ ಸಲ್ಫೇಟ್‌ನಲ್ಲಿ ಸುಮಾರು ಶೇ. 20, ಫೆರಸ್ ಗ್ಲುಕೋನೇಟ್‌ನಲ್ಲಿ ಸುಮಾರು ಶೇ. 12 ಮಾತ್ರ ಕಬ್ಬಿಣವಿರುತ್ತದೆ. ಆದ್ದರಿಂದ ‘300 ಮಿ.ಗ್ರಾಂ.’ ಎಂಬ ಒಂದೇ ಅಂಕಿ ಮೂರು ಮಾತ್ರೆಗಳಲ್ಲಿ ಮೂರು ಬೇರೆ ಪ್ರಮಾಣಗಳನ್ನು ಸೂಚಿಸುತ್ತದೆ. ಓದಬೇಕಾದದ್ದು ಅದರ ಕೆಳಗೆ ಸಣ್ಣಕ್ಷರದಲ್ಲಿರುವ ‘ಎಲಿಮೆಂಟಲ್ ಐರನ್’ (ನಿಜವಾಗಿ ಇರುವ ಕಬ್ಬಿಣ) ಎಂಬ ಸಾಲನ್ನು.

ಸಣ್ಣಕರುಳಿನ ಮೊದಲ ಭಾಗದ ಜೀವಕೋಶಗಳು ಕಬ್ಬಿಣದ ಫೆರಸ್, ಫೆರಿಕ್ ಎಂಬ ಎರಡು ರಾಸಾಯನಿಕ ರೂಪಗಳಲ್ಲಿ ಫೆರಸ್ ಅನ್ನೇ ಒಳಗೆ ಬಿಟ್ಟುಕೊಳ್ಳುತ್ತವೆ. ಫೆರಿಕ್ ರೂಪದ ಪಾಲಿಮಾಲ್ಟೋಸ್ ಸಿರಪ್‌ಗಳು ಹೊಟ್ಟೆಗೆ ಹಿತವಾದರೂ ಅವುಗಳ ಹೀರಿಕೆ ಕಡಿಮೆ. ಹೊಟ್ಟೆ ತೊಳಸುವುದು, ಮಲಬದ್ಧತೆ ಮುಂತಾದ ತೊಂದರೆಗಳಿದ್ದರೂ ಅಗ್ಗದ ಫೆರಸ್ ಸಲ್ಫೇಟ್ ಇಂದಿಗೂ ಉಳಿದವನ್ನೆಲ್ಲ ಅಳೆಯುವ ಮಾನದಂಡವಾಗಿಯೇ ಉಳಿದಿದೆ. ಬೆಲೆ ಹೆಚ್ಚಾದಷ್ಟು ಹೀರಿಕೆಯೂ ಹೆಚ್ಚು ಎಂಬ ನಂಬಿಕೆಗೆ ಆಧಾರವಿಲ್ಲ.

ರೂಪದಷ್ಟೇ ಮುಖ್ಯವಾದದ್ದು ವೇಳೆ. 60 ಮಿ.ಗ್ರಾಂ. ಅಥವಾ ಅದಕ್ಕಿಂತ ಹೆಚ್ಚು ಕಬ್ಬಿಣ ಒಳಹೋದಾಗ ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಹೆಚ್ಚು ಸ್ರವಿಸುತ್ತದೆ, ಅದು ಮರುದಿನದವರೆಗೂ ಕರುಳಿನ ಬಾಗಿಲನ್ನು ಅರ್ಧ ಮುಚ್ಚಿರುತ್ತದೆ. ಸ್ವಿಟ್ಜರ್ಲೆಂಡಿನ ಸಂಶೋಧಕರು 2015 ಮತ್ತು 2017ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ, ಕಬ್ಬಿಣದ ಕೊರತೆಯಿದ್ದ ಯುವತಿಯರು ದಿನ ಬಿಟ್ಟು ದಿನ ಮಾತ್ರೆ ತೆಗೆದುಕೊಂಡಾಗ ಪ್ರತಿ ಮಾತ್ರೆಯಿಂದ ಹೀರಿಕೊಂಡ ಪಾಲು ಹೆಚ್ಚಿತ್ತು. ಗರ್ಭಿಣಿಯರಿಗೆ ಸರ್ಕಾರಿ ಕಾರ್ಯಕ್ರಮವು ದಿನಕ್ಕೊಂದು ಮಾತ್ರೆಯನ್ನೇ ಸೂಚಿಸುವುದರಿಂದ ಅವರು ವೈದ್ಯರನ್ನು ಕೇಳದೆ ಕ್ರಮ ಬದಲಿಸಕೂಡದು.

ತಿಂಡಿಯಾದ ಕೂಡಲೇ ಫಿಲ್ಟರ್ ಕಾಫಿ ಕುಡಿಯುತ್ತ ಅದರೊಂದಿಗೇ ಮಾತ್ರೆ ನುಂಗುವ ರೂಢಿಯನ್ನಂತೂ ಬಿಡಲೇಬೇಕು. ಕಾಫಿ, ಚಹಾಗಳ ಪಾಲಿಫಿನಾಲ್‌ಗಳೂ ರಾಗಿಯಲ್ಲಿರುವ ಫೈಟೇಟ್ ಕೂಡ ಕಬ್ಬಿಣವನ್ನು ಹಿಡಿದಿಟ್ಟುಕೊಂಡು ಕರುಳಿಗೆ ದಕ್ಕದಂತೆ ಮಾಡುತ್ತವೆ. ಕ್ಯಾಲ್ಸಿಯಂ ಮಾತ್ರೆಯೂ ಹಾಗೆಯೇ ಅಡ್ಡಬರುವುದರಿಂದ ಎರಡರ ನಡುವೆ ಕನಿಷ್ಠ ಎರಡು ಗಂಟೆಗಳ ಅಂತರವಿರಬೇಕು.

ಕ್ಯಾಲ್ಸಿಯಂನಲ್ಲಿಯೂ ಲವಣದ ಲೆಕ್ಕ ತಪ್ಪದು. ಕಾರ್ಬೊನೇಟ್‌ನಲ್ಲಿ ಶೇ. 40, ಸಿಟ್ರೇಟ್‌ನಲ್ಲಿ ಶೇ. 21 ಕ್ಯಾಲ್ಸಿಯಂ ಇದ್ದು, ಒಮ್ಮೆಗೆ ನುಂಗುವ ಕ್ಯಾಲ್ಸಿಯಂ 500 ಮಿ.ಗ್ರಾಂ. ಮೀರಿದರೆ ಹೀರಿಕೆಯ ಪಾಲು ಕುಗ್ಗುತ್ತದೆ. ಕಾರ್ಬೊನೇಟ್ ಕರಗಲು ಜಠರದ ಆಮ್ಲ ಬೇಕಾದ್ದರಿಂದ ಅದನ್ನು ಊಟದೊಂದಿಗೆ ನುಂಗಬೇಕು. ಸಿಟ್ರೇಟ್‌ಗೆ ಆ ನಿರ್ಬಂಧವಿಲ್ಲ. ಗ್ಯಾಸ್ಟ್ರಿಕ್ ಎಂದು ವರ್ಷಗಟ್ಟಲೆ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ನುಂಗುತ್ತಿರುವ ಹಿರಿಯರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಅವರ ಜಠರದಲ್ಲಿ ಆಮ್ಲವೇ ಕಡಿಮೆಯಿರುವಾಗ ಕಾರ್ಬೊನೇಟ್ ಬದಲು ಸಿಟ್ರೇಟ್ ಕೊಡಬಹುದೇ ಎಂದು ವೈದ್ಯರನ್ನು ಕೇಳುವುದು ಒಳ್ಳೆಯದು. ಆಮ್ಲ ತಗ್ಗಿದರೆ ಕಬ್ಬಿಣದ ಹೀರಿಕೆಯೂ ತಗ್ಗುವುದರಿಂದ, ತಿಂಗಳುಗಟ್ಟಲೆ ಮಾತ್ರೆ ನುಂಗಿಯೂ ಹಿಮೋಗ್ಲೋಬಿನ್ ಏರದಿದ್ದರೆ ಪ್ಯಾಂಟೊಪ್ರಜೋಲ್‌ನ ವಿಷಯವನ್ನೂ ವೈದ್ಯರಿಗೆ ತಪ್ಪದೆ ತಿಳಿಸಬೇಕು.